ಕುರಿಯ ಹಿಂದೆ ಹೋದ ಹೈಸ್ಕೂಲು

ನಮ್ಮ ಹೈಸ್ಕೂಲಿಗೆ ಇಪ್ಪತ್ತೈದು ವರ್ಷ ತುಂಬಿತೆಂದು ಬೆಳ್ಳಿಹಬ್ಬದ ಕಮಿಟಿಯವರು ಮೊನ್ನೆ ಮನೆಗೆ ಬಂದಿದ್ದರು. ಸ್ಕೂಲಿನ ಚರಿತ್ರೆ ಬರೆದುಕೊಡಬೇಕಂತೆ. ಎರಡು ಪುಟ ಸಾಕಂತೆ. ಮಹಾರಾಜರ ಕೃಪೆಯಿಂದ ಆರಂಭವಾಯಿತು ಎಂದಿರಬೇಕು, ಕಟ್ಟಡದ ಉದ್ದಗಲ ಇರಬೇಕು, ಪಾಸಾದವರ ಸಂಖ್ಯೆ ಇರಬೇಕು. ಕಾಫಿ ಕುಡಿದು ಎದ್ದವರು ಬಾಗಿಲ ಹತ್ತಿರ ನಿಂತು ನಿಜವಾಗಿ ಹೇಳಬೇಕಾದ್ದನ್ನು ಹೇಳಿದರು. "ಏಕಾಂತಪ್ಪ ಮೇಷ್ಟ್ರೇ, ಆ ಕುರಿ ವಿಷಯ ಒಂದು ಬ್ಯಾಡ್ರಿ. ದೊಡ್ಡ ದೊಡ್ಡೋರು ಓದ್ತಾರೆ."

ಕುರಿ ವಿಷಯ ಬೇಡವಂತೆ! ಕುರಿ ತೆಗೆದರೆ ನಮ್ಮ ಚರಿತ್ರೆಯಲ್ಲಿ ಉಳಿಯುವುದು ಅಂಗಳದ ಹುಣಸೆಮರ ಒಂದೇ. ಅವರು ಕೇಳಿದ ಎರಡು ಪುಟ ಬರೆದು ಕಳಿಸಿದ್ದೇನೆ, ಓದಿದವರಿಗೆ ಒಳ್ಳೆ ನಿದ್ದೆ ಬರುತ್ತದೆ. ಬಿಟ್ಟದ್ದೆಲ್ಲ ಇಲ್ಲಿದೆ.

ಸಾವಿರದ ಒಂಬೈನೂರ ಒಂಬತ್ತನೆಯ ಇಸವಿ. ಹೊಳಲ್ಕೆರೆಯಲ್ಲಿ ಆಗ ಇದ್ದದ್ದು ಮಿಡ್ಲ್ ಸ್ಕೂಲು. ಹುಣಸೆಮರದ ಸ್ಕೂಲು ಎಂದೇ ಊರಿಗೆಲ್ಲ ಗೊತ್ತು. ನಾನು ಎರಡನೇ ಮೇಷ್ಟ್ರು, ಇಪ್ಪತ್ತನಾಲ್ಕು ವರ್ಷದವನು, ಮೂಗಿನ ತುದಿಯಲ್ಲೇ ಕೋಪ. ಹೆಡ್‌ಮಾಸ್ಟರು ಅಜ್ಜಪ್ಪನವರು ತಣ್ಣನೆಯ ಮನುಷ್ಯರು, ಹೊಸದುರ್ಗದ ಹೆಸರು ಕೇಳುವವರೆಗೆ. ಅಲ್ಲಿಯೂ ನಮ್ಮಂಥದೇ ಒಂದು ಮಿಡ್ಲ್ ಸ್ಕೂಲಿತ್ತು, ಗುಡ್ಡದ ಸ್ಕೂಲು ಅಂತ. ಅದರ ಹೆಡ್‌ಮಾಸ್ಟರು ನಾಗರಾಜಪ್ಪನವರು. ಇಬ್ಬರೂ ಜಿಲ್ಲೆಯ ಮುಖ್ಯ ಊರಾದ ದುರ್ಗದಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಯಾವುದೋ ಪರೀಕ್ಷೆಯಲ್ಲಿ ಒಬ್ಬರಿಗೆ ಇನ್ನೊಬ್ಬರಿಗಿಂತ ಎರಡು ಮಾರ್ಕು ಹೆಚ್ಚು ಬಂದಿತ್ತು. ಯಾರಿಗೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಆ ವರ್ಷ ಸರ್ಕಾರದಿಂದ ಕಾಗದ ಬಂತು. ಈ ಕಡೆ ಒಂದು ಹೈಸ್ಕೂಲು ತರಗತಿ ತೆರೆಯುತ್ತಾರೆ, ಒಂದೇ ಒಂದು. ಇನ್‌ಸ್ಪೆಕ್ಟರು ಎರಡೂ ಊರಿಗೆ ಬಂದು ತಲೆ ಎಣಿಸುತ್ತಾರೆ. ನಾಲ್ಕನೇ ಫಾರಂಗೆ, ಅಂದರೆ ಹೈಸ್ಕೂಲಿನ ಮೊದಲ ತರಗತಿಗೆ, ಸೇರಲು ತಯಾರಾದ ಇಪ್ಪತ್ತು ಜನ ಎಲ್ಲಿ ಕೂತಿರುತ್ತಾರೋ ಅಲ್ಲಿಗೆ ಹೈಸ್ಕೂಲು. ಇಲ್ಲದಿದ್ದರೆ ಎಲ್ಲರೂ ದುರ್ಗಕ್ಕೆ ಹೋಗಿ ಓದಬೇಕು. ದುರ್ಗಕ್ಕೆ ಹೋಗಿ ಓದುವುದೆಂದರೆ ನಮ್ಮವರ ಲೆಕ್ಕದಲ್ಲಿ ಓದು ಬಿಟ್ಟಂತೆಯೇ.

ನಮ್ಮಲ್ಲಿ ಹತ್ತೊಂಬತ್ತು ಹುಡುಗರಿದ್ದರು. ಇಪ್ಪತ್ತನೆಯವನು ಹುಡುಗನಲ್ಲ, ಎತ್ತಪ್ಪ.

ಎತ್ತಪ್ಪನಿಗೆ ಆಗ ಇಪ್ಪತ್ತಾರು. ನನಗಿಂತ ಎರಡು ವರ್ಷ ದೊಡ್ಡವನು. ಮದುವೆಯಾಗಿ ಯಲ್ಲಕ್ಕನೆಂಬ ಹೆಂಡತಿ, ಇನ್ನೂರು ಕುರಿ, ಕರಿಯ ಎಂಬ ನಾಯಿ, ಎರಡೂ ಕಡೆ ಮೇಲಕ್ಕೆ ತಿರುಗಿದ ಮೀಸೆ. ಮಾಡದಕೆರೆ ಕಡೆಯವನು. ಅವರ ಮಂದೆ ವರ್ಷದಲ್ಲಿ ಆರು ತಿಂಗಳು ನಮ್ಮ ಹೊಳಲ್ಕೆರೆ ಸುತ್ತಿನ ಹೊಲಗಳಲ್ಲಿ ನಿಲ್ಲುತ್ತಿತ್ತು. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಕಾಳು ಕೊಟ್ಟು ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಆ ಆರು ತಿಂಗಳು ಯಲ್ಲಕ್ಕ ಕುರಿ ನೋಡಿಕೊಳ್ಳುತ್ತಿದ್ದಳು, ಇವನು ಕಂಬಳಿ ಹೊದ್ದು ಹತ್ತು ಗಂಟೆಗೆ ಸರಿಯಾಗಿ ಸ್ಕೂಲಿಗೆ ಬರುತ್ತಿದ್ದ. ಸಣ್ಣವನಿದ್ದಾಗ ಮಠದ ಅಯ್ಯನೊಬ್ಬರು ಅಕ್ಷರ ಕಲಿಸಿದ್ದರು, ಆ ರುಚಿ ಬಿಟ್ಟಿರಲಿಲ್ಲ. ಯಾಕೆ ಓದುತ್ತೀಯೆಂದು ಒಮ್ಮೆ ಕೇಳಿದ್ದೆ. "ಗೊತ್ತಿಲ್ಲದ್ದು ಬಾಳ ಐತೆ ಸಾಮಿ" ಎಂದಿದ್ದ.

ಉಳಿದ ಆರು ತಿಂಗಳು ಅವನ ಪತ್ತೆಯೇ ಇರುತ್ತಿರಲಿಲ್ಲ. ವಾಪಸು ಬಂದ ದಿನ ನಾನು ಕೆಂಡವಾಗುತ್ತಿದ್ದೆ. ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮೀಸೆ ಹೊತ್ತ ಆ ಆಳು ನಿಂತರೆ ತಲೆ ಜಂತೆಗೆ ತಾಗುತ್ತಿತ್ತು, ಹುಡುಗರು ಮುಸಿಮುಸಿ ನಗುತ್ತಿದ್ದರು. ಅವನು ಒಂದು ಮಾತೂ ಆಡದೆ ನಿಂತಿರುತ್ತಿದ್ದ. ವಿಚಿತ್ರವೆಂದರೆ ಪಾಠದಲ್ಲಿ ಅವನು ಹಿಂದೆ ಬಿದ್ದಿರುತ್ತಿರಲಿಲ್ಲ. ಯೂಕ್ಲಿಡ್‌ನ ರೇಖಾಗಣಿತದಲ್ಲಂತೂ ನಾನು ಇನ್ನೂ ಹೇಳಿಕೊಡದ ಪ್ರಮೇಯಗಳೂ ಅವನಿಗೆ ಬರುತ್ತಿದ್ದವು. ನನ್ನ ಪಾಠ ಅಷ್ಟು ಗಟ್ಟಿ, ಒಂದು ಸಲ ಕೇಳಿದರೆ ಮುಂದಿನದು ತಾನಾಗಿ ಹೊಳೆಯುತ್ತದೆ ಎಂದು ನಾನು ಅಜ್ಜಪ್ಪನವರಿಗೆ ಹೇಳಿದ್ದೆ. ಅವರು ನಂಬಿದರು. ನಾನೂ ನಂಬಿದೆ.

ಇನ್‌ಸ್ಪೆಕ್ಟರು ಸೋಮವಾರ ಹೊಸದುರ್ಗ, ಶುಕ್ರವಾರ ಹೊಳಲ್ಕೆರೆ ಎಂದು ಗೊತ್ತಾಯಿತು. ಎತ್ತಪ್ಪನ ಮಂದೆ ಆ ವಾರವೇ ನಮ್ಮ ಕಡೆ ಬರಬೇಕಿತ್ತು. ಅಜ್ಜಪ್ಪನವರಿಗೆ ಊಟ ರುಚಿಸಲಿಲ್ಲ. ದಿನಕ್ಕೆ ನಾಲ್ಕು ಸಲ ಹುಣಸೆಮರದ ಕಟ್ಟೆ ಹತ್ತಿ ಹಣೆಗೆ ಕೈಯಿಟ್ಟು ದಾರಿ ನೋಡುತ್ತಿದ್ದರು. ಗುರುವಾರ ಸಂಜೆ ದೂರದಲ್ಲಿ ಧೂಳು ಕಂಡಾಗ ಕಟ್ಟೆಯಿಂದ ಹಾರಿ ಬಿಟ್ಟರು, ಐವತ್ತು ವರ್ಷದ ಮನುಷ್ಯ.

ಧೂಳಿನ ಸಂತೋಷ ಬೆಳಗಿನವರೆಗೆ ಉಳಿಯಲಿಲ್ಲ. ಆ ಮೀಸೆ ನೋಡಿದರೆ ಇನ್‌ಸ್ಪೆಕ್ಟರು ಇವನನ್ನು ವಿದ್ಯಾರ್ಥಿ ಎಂದು ಒಪ್ಪುತ್ತಾರೆಯೇ ಎಂದು ಅಜ್ಜಪ್ಪನವರಿಗೆ ಅನುಮಾನ ಹುಟ್ಟಿತು. ಕ್ಷೌರಿಕನಿಗೆ ಹೇಳಿಕಳಿಸಿದರು. ಎತ್ತಪ್ಪ ಮೊದಲನೆಯ ಸಲ ಹಿಂದೆ ಸರಿದ. ಅವನ ಅಪ್ಪ ಮುದ್ದಣ್ಣ ಗಟ್ಟಿಮುಟ್ಟಾಗಿ ಬದುಕಿದ್ದ. ಅಪ್ಪ ಇರುವಾಗ ಮಗ ಮೀಸೆ ತೆಗೆಯುವ ಪದ್ಧತಿ ಅವರಲ್ಲಿ ಇಲ್ಲ, ಅದನ್ನು ತೆಗೆಯುವುದು ಅಪ್ಪ ಸತ್ತ ಮೇಲೆ. ನಾನು ಅದನ್ನೇ ಅಜ್ಜಪ್ಪನವರಿಗೆ ಹೇಳಿದೆ. ಅವರು ಎತ್ತಪ್ಪನ ಕಡೆ ನೋಡಿ, ಬಲವಂತ ಮಾಡುವುದಿಲ್ಲ, ಆದರೆ ಇವತ್ತು ಹತ್ತೊಂಬತ್ತಾದರೆ ನಾಲ್ಕನೇ ಫಾರಂ ಇಲ್ಲಿ ಇಲ್ಲ ಎಂದಷ್ಟೇ ಅಂದರು.

ಎತ್ತಪ್ಪ ಮೀಸೆಯನ್ನು ಒಂದು ಸಲ ಮುಟ್ಟಿ ನೋಡಿಕೊಂಡ. ಆಮೇಲೆ ಹೋಗಿ ಕ್ಷೌರಿಕನ ಮುಂದೆ ಕುಕ್ಕರಗಾಲಲ್ಲಿ ಕೂತ. ಈ ಮನುಷ್ಯನಿಗೆ ಸ್ಕೂಲು ಎಂದರೆ ಏನೆಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಅವನಿಗೆ ನನ್ನ ಕೋಟು ತೊಡಿಸಿದೆವು, ಅಜ್ಜಪ್ಪನವರ ರುಮಾಲು ಸುತ್ತಿದೆವು. ಕೋಟಿನ ತೋಳು ಮೊಣಕೈಗೆ ಬಂದು ನಿಂತಿತು. ಹಿಂದಿನ ಬೆಂಚಿನಲ್ಲಿ ಬೆನ್ನು ಬಗ್ಗಿಸಿ ಕೂರಲು ಹೇಳಿದೆವು.

ಇನ್‌ಸ್ಪೆಕ್ಟರು ಹನ್ನೊಂದಕ್ಕೆ ಬಂದರು. ಮೈಸೂರಿನ ಕಡೆಯವರು, ಕರಿ ಕೋಟು, ಜರತಾರಿ ಪೇಟ, ಕಾಲಲ್ಲಿ ಬೂಟು. ಕೋಟಿನ ಜೇಬಿನಲ್ಲಿ ಸದಾ ಬಿಸ್ಕತ್ತು. ಒಂದೊಂದೇ ತಲೆ ಎಣಿಸಿದರು. ಇಪ್ಪತ್ತು. ಅಜ್ಜಪ್ಪನವರ ಮುಖ ಅರಳಿತು. ಇಂಗ್ಲಿಷ್ ಪದ್ಯ ಕೇಳಿದರು, ಹುಡುಗರು ಒಪ್ಪಿಸಿದರು. ಮಿಶ್ರ ಭಿನ್ನರಾಶಿ ಕೊಟ್ಟರು, ಮಾಡಿದರು. ಕೊನೆಗೆ ಹಿಂದಿನ ಬೆಂಚಿನ ಕಡೆ ತಿರುಗಿ, ತ್ರಿಭುಜದ ಮೂರು ಕೋನ ಸೇರಿದರೆ ಎರಡು ಲಂಬಕೋನ ಯಾಕೆ ಆಗುತ್ತದೆ ಎಂದರು. ಎತ್ತಪ್ಪ ಬಗ್ಗಿಸಿದ ಬೆನ್ನನ್ನು ಮರೆತು ಎದ್ದು ನಿಂತ. ಕರಿಹಲಗೆಗೆ ಹೋಗಿ ಗೆರೆ ಎಳೆದು ಎರಡೇ ನಿಮಿಷದಲ್ಲಿ ತೋರಿಸಿಬಿಟ್ಟ. ಇನ್‌ಸ್ಪೆಕ್ಟರು ಹುಬ್ಬು ಏರಿಸಿದರು. ನಾಲ್ಕು ದಿನದ ಹಿಂದೆ ಬೇರೆ ಕಡೆ ಒಬ್ಬರು ಇದೇ ಗೆರೆ, ಇದೇ ಅಕ್ಷರ ಹಾಕಿ ತೋರಿಸಿದ್ದರು ಎಂದರು. ಯೂಕ್ಲಿಡ್ ಎಲ್ಲಾ ಕಡೆ ಒಂದೇ ಅಲ್ಲವೇ ಎಂದು ನಾನು ಜಾಣತನ ತೋರಿಸಿದೆ.

ಯಲ್ಲಕ್ಕ ಅಷ್ಟೊತ್ತಿಗೆ ಕುರಿಗಳನ್ನು ಹುಣಸೆಮರದ ನೆರಳಿಗೆ ಹೊಡೆದು, ಗಂಡ ಪರೀಕ್ಷೆ ಕೊಡುವುದನ್ನು ನೋಡಲು ನಾಯಿಯ ಹಗ್ಗ ಹಿಡಿದು ಕಿಟಕಿಗೆ ಬಂದಿದ್ದಳು. ಕರಿಹಲಗೆಯ ಹತ್ತಿರ ನಿಂತ ಗಂಡನ ಮುಖ ನೋಡಿದಳು. ಮೀಸೆ ಇಲ್ಲ. ಅವಳಿಗೆ ಇನ್ನೇನು ಅನ್ನಿಸಬೇಕು? ಮಾವ ಹೋದನೆಂದು ಎದೆ ಬಡಿದುಕೊಂಡು ರಾಗವಾಗಿ ಅಳಲು ಶುರುಮಾಡಿದಳು. ಮುದ್ದಣ್ಣನ ಒಳ್ಳೆಯತನ, ಮುದ್ದಣ್ಣ ಕೊಟ್ಟ ಕಡಗ, ಮುದ್ದಣ್ಣನಿಗೆ ಇಷ್ಟವಾದ ಹುರುಳಿ ಸಾರು, ಎಲ್ಲ ಒಂದೊಂದಾಗಿ ಹಾಡಿನಲ್ಲಿ ಬಂತು. ಅವಳು ಕಿಟಕಿಗೆ ಬಂದ ಮೇಲೆ ಊರೊಳಗಿಂದ ಬಂದು ಕುರಿಗಳ ಪಕ್ಕ ಕೂತು ಎಲೆಅಡಿಕೆ ಹಾಕುತ್ತಿದ್ದ ಮುದ್ದಣ್ಣ ತನ್ನ ಹೆಸರು ಕೇಳಿ ಎದ್ದು ಬಂದ. ಸೊಸೆಯ ಪಕ್ಕ ನಿಂತು ಪೂರ್ತಿ ಕೇಳಿದ. ಸಾರಿನ ಭಾಗಕ್ಕೆ ಬಂದಾಗ ಅವನ ಕಣ್ಣಲ್ಲೂ ನೀರು ಬಂದಿತ್ತು.

ಅಳುವ ಭರದಲ್ಲಿ ಯಲ್ಲಕ್ಕ ಹಗ್ಗ ಬಿಟ್ಟಿದ್ದಳು. ಕರಿಯ ಬಾಗಿಲಿನಿಂದ ನುಗ್ಗಿ, ಎತ್ತಪ್ಪನನ್ನು ಮೂಸಿ, ನೇರವಾಗಿ ಇನ್‌ಸ್ಪೆಕ್ಟರ ಹತ್ತಿರ ಹೋಗಿ ಅವರ ಬೂಟಿನ ಮೇಲೆ ಕೂತು ಬಾಲ ಅಲ್ಲಾಡಿಸಿತು. ಜೇಬಿನ ಕಡೆ ಮೂತಿ ಎತ್ತಿತು.

ಇನ್‌ಸ್ಪೆಕ್ಟರು ನಾಯಿಯನ್ನು ನೋಡಿದರು. ನಾಯಿಯಿಂದ ಕುರಿಯನ್ನು, ಕುರಿಯಿಂದ ಎತ್ತಪ್ಪನನ್ನು ನೋಡಿದರು. "ಸೋಮವಾರ ಹೊಸದುರ್ಗದಲ್ಲಿ ಈ ನಾಯಿಗೆ ನಾನೇ ಬಿಸ್ಕತ್ತು ಕೊಟ್ಟೆ" ಎಂದರು. "ಆವತ್ತು ನಿಮಗೆ ಮೀಸೆ ಇತ್ತು."

ಅದೇ ಹೊತ್ತಿಗೆ ಬಾಗಿಲಲ್ಲಿ ನಾಗರಾಜಪ್ಪನವರು. ನಮ್ಮ ತಲೆ ಎಷ್ಟೆಂದು ಗುಟ್ಟಾಗಿ ಎಣಿಸಲು ಗಾಡಿ ಕಟ್ಟಿಕೊಂಡು ಬಂದು ಬೆಳಗಿನಿಂದ ಹಿತ್ತಲ ಗೋಡೆಯ ಹಿಂದೆ ಕೂತಿದ್ದರಂತೆ. "ನಮ್ಮ ಎತ್ತಪ್ಪ ಇಲ್ಲೇನು ಮಾಡ್ತಾನೆ?" ಎಂದು ಅವನ ಬಲಗೈ ಹಿಡಿದರು. ಅಜ್ಜಪ್ಪನವರು ಎಡಗೈ ಹಿಡಿದರು. ನನ್ನ ಕೋಟಿನ ಎರಡೂ ತೋಳು ಹರಿದವು. ಹುಡುಗರಿಗೆ ಅಂಥ ಇನ್‌ಸ್ಪೆಕ್ಷನ್ ಮತ್ತೆ ಸಿಗಲಿಲ್ಲ.

ಗದ್ದಲ ನಿಂತ ಮೇಲೆ ಇನ್‌ಸ್ಪೆಕ್ಟರು ಎತ್ತಪ್ಪನನ್ನು, ನೀವು ಯಾವ ಸ್ಕೂಲಿನವರು ಎಂದು ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಸ್ಕೂಲು ಒಂದೇ ಅಲ್ವೇನ್ರಿ ಸಾಮಿ, ಮಹಾರಾಜರದು? ಕುರಿ ಅಲ್ಲಿದ್ದಾಗ ಅಲ್ಲಿ ಕುಂತ್ಕಂತೀನಿ, ಇಲ್ಲಿದ್ದಾಗ ಇಲ್ಲಿ."

ಯಾಕೆ ಇಷ್ಟು ದಿನ ಹೇಳಲಿಲ್ಲವೆಂದರೆ, ಯಾರೂ ಕೇಳಲಿಲ್ಲ ಎಂದ. ನಿಜ. ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ, ಕೇಳಿರಲಿಲ್ಲ.

ಇನ್‌ಸ್ಪೆಕ್ಟರು ಪೆಟ್ಟಿಗೆಯಿಂದ ಸೋಮವಾರ ತಪಾಸಣೆಗೆಂದು ತಂದಿದ್ದ ಗುಡ್ಡದ ಸ್ಕೂಲಿನ ಎರಡು ವರ್ಷದ ಹಾಜರಿ ಪುಸ್ತಕ ತೆಗೆಸಿದರು, ನಮ್ಮದನ್ನೂ ಕೇಳಿ ಪಕ್ಕದಲ್ಲಿ ಬಿಚ್ಚಿಟ್ಟರು. ಬೆರಳಿಟ್ಟು ಒಂದೊಂದೇ ದಿನ ನೋಡುತ್ತ ಹೋದರು. ನಮ್ಮಲ್ಲಿ ಗೈರು ಇದ್ದ ಕಡೆಯೆಲ್ಲ ಅಲ್ಲಿ ಹಾಜರು. ಅಲ್ಲಿ ಗೈರು ಇದ್ದ ಕಡೆಯೆಲ್ಲ ಇಲ್ಲಿ. ಮಂದೆ ದಾರಿ ನಡೆದ ಮೂರು ಮೂರು ದಿನ ಬಿಟ್ಟರೆ ಎರಡು ವರ್ಷದಲ್ಲಿ ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಎರಡೂ ಊರಿನ ಮೂವತ್ತೆಂಟು ಹುಡುಗರಲ್ಲಿ ಇಂಥ ಹಾಜರಿ ಇನ್ನೊಬ್ಬನದಿರಲಿಲ್ಲ. ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಅಷ್ಟೂ ಸಲ ನನಗೆ ನೆನಪಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಜೊತೆಗೆ, ಆ ಯೂಕ್ಲಿಡ್ ನಾಗರಾಜಪ್ಪನವರು ಹೇಳಿಕೊಟ್ಟದ್ದು ಎಂಬುದೂ ಹೊಳೆಯಿತು.

ಆದರೆ ಕಾಯಿದೆ ಕಾಯಿದೆಯೇ. ಒಬ್ಬ ವಿದ್ಯಾರ್ಥಿ ಒಂದೇ ಕಡೆ. ಅವನನ್ನು ಬಿಟ್ಟರೆ ನಮ್ಮಲ್ಲೂ ಹತ್ತೊಂಬತ್ತು, ಹೊಸದುರ್ಗದಲ್ಲೂ ಹತ್ತೊಂಬತ್ತು. ಯಾವುದಾದರೂ ಒಂದು ಊರು ಆರಿಸಿಕೊಳ್ಳಿ, ಅಲ್ಲಿಗೆ ಹೈಸ್ಕೂಲು ಬರುತ್ತದೆ ಎಂದರು ಇನ್‌ಸ್ಪೆಕ್ಟರು. ಇಬ್ಬರು ಹೆಡ್‌ಮಾಸ್ಟರುಗಳೂ ಒಂದೊಂದು ಹೆಜ್ಜೆ ಮುಂದೆ ಬಂದರು.

ಎತ್ತಪ್ಪ ರುಮಾಲು ಬಿಚ್ಚಿ ಅಜ್ಜಪ್ಪನವರ ಕೈಗೆ ಕೊಟ್ಟ. "ಒಂದೂರು ಹಿಡಿದ್ರೆ ಅರ್ಧ ವರ್ಷ ಹೋಗ್ತೈತ್ರಿ. ಕುರಿ ನಿಲ್ಲಾಕಿಲ್ಲ. ಹುಡುಗ್ರಿಗೆ ಕೊಡ್ರಿ ಸಾಮಿ, ಎಲ್ಲಾದ್ರೂ ಕೊಡ್ರಿ. ನಂದು ಇಷ್ಟೇ ಓದು ಅಂತ ಇದ್ರೆ ಇಷ್ಟೇ." ಬೋಳು ಮೂತಿಯ ಮೇಲೆ ಕೈ ಆಡಿಸಿಕೊಂಡು ಬಾಗಿಲ ಕಡೆ ನಡೆದ.

ನನ್ನ ಕೋಪ ನೆತ್ತಿಗೇರಿತು. ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ. ಮುಂದೆ ನಿಂತವರು ಸರ್ಕಾರದ ದೊಡ್ಡ ಅಧಿಕಾರಿ ಎಂಬುದು ಮರೆತೇಹೋಯಿತು. "ಅವನು ಎರಡು ವರ್ಷ ಸ್ಕೂಲಿನ ಹಿಂದೆ ಓಡಾಡ್ಯಾನೆ. ಸ್ಕೂಲಿಗೇನು ಕಾಲಿಲ್ವಾ? ಅದೇ ಹೋಗ್ಲಿ ಬಿಡ್ರಿ ಕುರಿ ಹಿಂದೆ!" ಎಂದು ಕೂಗಿಬಿಟ್ಟೆ.

ಅಜ್ಜಪ್ಪನವರು ಕಣ್ಣು ಮುಚ್ಚಿಕೊಂಡರು. ನನ್ನ ಕೆಲಸ ಹೋಯಿತೆಂದು ನಾನು ಮನಸ್ಸಿನಲ್ಲೇ ಊರಿಗೆ ಗಂಟು ಕಟ್ಟತೊಡಗಿದೆ. ಇನ್‌ಸ್ಪೆಕ್ಟರು ಒಂದು ಬಿಸ್ಕತ್ತನ್ನು ಕರಿಯನಿಗೆ ಕೊಟ್ಟು, ಇನ್ನೊಂದನ್ನು ತಾವೇ ತಿಂದು, ಲೇಖನಿ ಕೇಳಿದರು. ಬರೆದು ಗಟ್ಟಿಯಾಗಿ ಓದಿದರು. ಹೊಸದುರ್ಗ ಮತ್ತು ಹೊಳಲ್ಕೆರೆಗೆ ಸೇರಿ ಒಂದೇ ಹೈಸ್ಕೂಲು. ವಿದ್ಯಾರ್ಥಿಗಳು ಮೂವತ್ತೊಂಬತ್ತು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಮೂರು ವರ್ಷದ ಮಟ್ಟಿಗೆ ಪರೀಕ್ಷಾರ್ಥವಾಗಿ. ಯಾವ ತಿಂಗಳು ಎಲ್ಲಿ ಎಂಬುದನ್ನು ವಿದ್ಯಾರ್ಥಿ ಎತ್ತಪ್ಪನವರನ್ನು ಕೇಳಿ ಗೊತ್ತುಮಾಡತಕ್ಕದ್ದು. ಸ್ಕೂಲನ್ನು ನಡೆಸಿಕೊಂಡು ಹೋಗುವ ಜವಾಬ್ದಾರಿ ಏಕಾಂತಪ್ಪನವರದು.

ಹೀಗೆ ನಮ್ಮ ಹೈಸ್ಕೂಲು ನಡೆಯಲು ಶುರುಮಾಡಿತು, ಕಾಲಿನಿಂದ.

ವರ್ಷಕ್ಕೆ ಎರಡು ಸಲ ಮೂರು ದಿನದ ದಾರಿ. ಮುಂದೆ ಇನ್ನೂರು ಕುರಿ, ಅವುಗಳ ಹಿಂದೆ ಯಲ್ಲಕ್ಕ, ಅವಳ ಹಿಂದೆ ಮೂವತ್ತೆಂಟು ಹುಡುಗರು, ಕೊನೆಗೆ ಕರಿಹಲಗೆ, ಭೂಗೋಳದ ಗುಂಡು, ಗಂಟೆಗೆಂದು ಇಟ್ಟುಕೊಂಡ ರೈಲುಕಂಬಿಯ ತುಂಡು ಹೊತ್ತ ಎತ್ತಿನ ಗಾಡಿ. ಗಾಡಿಯ ಪಕ್ಕ ನಾನು, ಧೂಳಿಗೆ ಮೂಗು ಮುಚ್ಚಿಕೊಂಡು. ಹೊರಕೆರೆದೇವಪುರದ ದೇವಸ್ಥಾನದ ನೆರಳಲ್ಲಿ ಬುತ್ತಿ ಬಿಚ್ಚಿ ಇಂಗ್ಲೆಂಡಿನ ನದಿಗಳನ್ನು ಹೇಳಿಕೊಟ್ಟಿದ್ದೇನೆ. ಕುರಿಹಟ್ಟಿಯ ತಡಿಕೆ ಜೋಡಿಸಿ ಯೂಕ್ಲಿಡ್ ಹೇಳಿಕೊಟ್ಟಿದ್ದೇನೆ, ತಡಿಕೆ ಸರಿಯಾಗಿ ನಿಲ್ಲದಿದ್ದರೆ ಪ್ರಮೇಯ ತಪ್ಪು ಎಂದು ಎತ್ತಪ್ಪನೇ ತೀರ್ಪು ಕೊಡುತ್ತಿದ್ದ. ಊರೂರಿನವರು ರೈಲುಕಂಬಿಯ ಸದ್ದು ಕೇಳಿ, ಹೈಸ್ಕೂಲು ಬಂತು, ಹೈಸ್ಕೂಲು ಬಂತು ಎಂದು ಮಜ್ಜಿಗೆ ತಂದು ಕೊಡುತ್ತಿದ್ದರು.

ನಮ್ಮ ಹುಡುಗರು ಹೊಸದುರ್ಗದವರ ಮನೆಯಲ್ಲಿ ಉಂಡರು, ಅವರು ನಮ್ಮಲ್ಲಿ. ಹೊಸದುರ್ಗದ ಬೊಮ್ಮಕ್ಕನೆಂಬ ಅಜ್ಜಿ ನಮ್ಮ ಐದು ಜನರಿಗೆ ಮುದ್ದೆ ಬಡಿಸಿ, ವಾಪಸು ಹೊರಟಾಗ ಅಗಸೆಬಾಗಿಲವರೆಗೆ ಬಂದು ಅತ್ತಳು. ನಾಗರಾಜಪ್ಪನವರೂ ಅಜ್ಜಪ್ಪನವರೂ ಒಂದೇ ಕೋಣೆಯಲ್ಲಿ ಪಾಠ ಹೇಳುತ್ತ ಆ ಎರಡು ಮಾರ್ಕಿನ ಬಗ್ಗೆ ದಿನಾ ಜಗಳವಾಡಿದರು. ಜಗಳವಿಲ್ಲದ ದಿನ ಇಬ್ಬರಿಗೂ ತಲೆನೋವು ಬರುತ್ತಿತ್ತು. ಎತ್ತಪ್ಪನ ಮೀಸೆ ಮತ್ತೆ ಬೆಳೆಯಿತು. ಮುದ್ದಣ್ಣ ಮಾತ್ರ ಆಗಾಗ ಸೊಸೆಯನ್ನು ಕೂರಿಸಿ, ಆವತ್ತು ಹಾಡಿದ್ದನ್ನು ಇನ್ನೊಂದು ಸಲ ಹಾಡು ಎನ್ನುತ್ತಿದ್ದ.

ಮೂರು ವರ್ಷದ ಮೇಲೆ ದುರ್ಗದಲ್ಲಿ ಕೊನೆಯ ಪರೀಕ್ಷೆ. ಎತ್ತಪ್ಪ ಒಳಗೆ ಬರೆಯುತ್ತಿದ್ದಾಗ ಊರ ಹೊರಗೆ ಕುರಿ ಕಾದದ್ದು ಇಬ್ಬರು ಹೆಡ್‌ಮಾಸ್ಟರುಗಳು. ಮೂವತ್ತೊಂಬತ್ತರಲ್ಲಿ ಮೂವತ್ತೊಂದು ಜನ ಪಾಸು. ಸರ್ಕಾರ ಖುಷಿಯಾಗಿ ಎರಡೂ ಊರಿಗೆ ಬೇರೆ ಬೇರೆ ಹೈಸ್ಕೂಲು ಕೊಟ್ಟಿತು. ಕಮಿಟಿಯವರ ಚರಿತ್ರೆ ಇಲ್ಲಿಂದ ಶುರುವಾಗುತ್ತದೆ.

ಫಲಿತಾಂಶ ತಿಳಿದ ದಿನ ನಾನು ಅವನನ್ನು ಹುಡುಕಿಕೊಂಡು ಮಾಡದಕೆರೆಯವರೆಗೆ ಹೋದೆ. ಹಾಜರಿ ಪುಸ್ತಕವನ್ನೂ ಯಾಕೋ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಹೊಲದ ಬದುವಿನ ಮೇಲೆ ಕೂತಿದ್ದ. ಪಾಸಾಗಿದ್ದೀಯ, ಎಂಟನೆಯವನಾಗಿ ಎಂದೆ. ಯಲ್ಲಕ್ಕ ಕುಣಿದಳು, ಮುದ್ದಣ್ಣ ಕುಣಿದ, ನಾನೂ ಕುಣಿದೆ, ಕುರಿಗಳು ಗಾಬರಿಯಾಗಿ ಚದುರಿದವು. ಎತ್ತಪ್ಪ ಮಾತ್ರ ಕೂತೇ ಇದ್ದ. ಕುರಿಗಳು ಮತ್ತೆ ಗುಂಪಾದ ಮೇಲೆ ತಲೆ ಎತ್ತಿದ.

"ಹಂಗಾದ್ರೆ ಮೇಷ್ಟ್ರೇ, ನಾಳಿಂದ ನನ್ನ ಹೆಸರು ಯಾರೂ ಕೂಗಾಕಿಲ್ಲ."

ನಾನು ಪುಸ್ತಕ ಬಿಚ್ಚಿದೆ. ಅಲ್ಲೇ ಹೊಲದಲ್ಲಿ ನಿಂತು, ಎತ್ತಪ್ಪ ಎಂದು ಕೂಗಿದೆ. ಅವನು ಎದ್ದು ನಿಂತು, "ಹಾಜರ್ ಸಾರ್" ಎಂದ.

ಅವನ ಮಂದೆ ಈಗಲೂ ವರ್ಷಕ್ಕೆ ಆರು ತಿಂಗಳು ನಮ್ಮ ಕಡೆ ಬರುತ್ತದೆ. ಅವನಿಗೆ ಐವತ್ತು ದಾಟಿದೆ. ಮುದ್ದಣ್ಣ ಹೋಗಿ ಹತ್ತು ವರ್ಷವಾಯಿತು, ಆಗೊಮ್ಮೆ ತೆಗೆದ ಮೀಸೆ ಮತ್ತೆ ಬಂದು ಬೆಳ್ಳಗಾಗಿದೆ. ಮಂದೆ ಊರಿಗೆ ಬಂದ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಹುಣಸೆಮರದ ಕೆಳಗೆ ಕಂಬಳಿ ಹೊದ್ದು ನಿಂತಿರುತ್ತಾನೆ. ನಾನು ತರಗತಿಯಲ್ಲಿ ಕೊನೆಯ ಹುಡುಗನ ಹೆಸರು ಕೂಗಿದ ಮೇಲೆ ಪುಸ್ತಕದಲ್ಲಿಲ್ಲದ ಇನ್ನೊಂದು ಹೆಸರು ಕೂಗುತ್ತೇನೆ. ಕಿಟಕಿಯ ಆಚೆಯಿಂದ ಉತ್ತರ ಬರುತ್ತದೆ. ಹೊಸ ಹುಡುಗರು ಮೊದಲ ದಿನ ನಗುತ್ತಾರೆ. ಎರಡನೆಯ ದಿನ, ಅವನ ಉತ್ತರ ಬರುವವರೆಗೆ ಅವರೂ ಸುಮ್ಮನೆ ಕಾಯುತ್ತಾರೆ.